ಉಪ್ಪು ತಿಂದ ಚಪ್ಪಡಿ

"ಕಲ್ಲೆಲ್ಲಾ ತಿಂದಾಕ್ಬುಟ್ಯಲ್ಲೇ, ಹಾಳಾದೋಳೆ! ಹಾಸಿ ಇನ್ನೂ ವರ್ಸ ಆಗಿಲ್ಲ!"

ಮೇಸ್ತ್ರಿ ಶೇರ್ಮಾತ್ ಕಚೇರಿ ಮುಂದಿನ ಚಪ್ಪಡಿಯನ್ನು ಬೂಟಿನಿಂದ ಒದ್ದ. ಮೇಲ್ಪದರ ಒಣರೊಟ್ಟಿಯಂತೆ ಎದ್ದುಬಂತು. ಅವ್ವ ಪೊರಕೆ ಹಿಡಿದು ನಿಂತಿದ್ದಳು. ನಾನು ಅವಳ ಹಿಂದೆ, ಉಪ್ಪಿನ ಚೀಲದ ಪಕ್ಕ.

"ಮಂಜು ಕರಗಿ ಕಲ್ಲು ಕಾಣೋಗಂಟ ಉಪ್ಪು ಸುರೀರಿ ಅಂದೋರು ನೀವೇ ಅಲ್ವಾ ಸಾಹೇಬ್ರೆ," ಅಂದಳು ಅವ್ವ. "ಉಪ್‌ನೀರು ಬಿರುಕ್ಗೆ ಇಳ್ದು, ಹೆಪ್ಪಾಗಿ, ಒಳಗಿಂದ ಸೀಳ್ತದೆ. ಜಾರ್ದಂಗೆ ಹಾಕಕ್ಕೆ ಮರಳು ಕೊಡ್ಸಿ."

"ಮರಳು ನಿಮ್ಮಪ್ಪ ತಂದ್ಕೊಡ್ತಾನಾ?"

"ಬೂದಿ ಐತಲ್ಲ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಬೂದಿ? ರಾಜಧಾನಿ ಬಿಷ್ಕೆಕ್‌ನಿಂದ ಬರೋ ದೊಡ್ಡೋರು ಬೂದಿ ತುಳೀಬೇಕಾ? ಕಿರ್ಗಿಜ್ರಿಗೇ ಹುಟ್ಟಿದ್ಯೋ, ನಾಯಿಗೆ ಹುಟ್ಟಿದ್ಯೋ?"

ಅವ್ವ ನನ್ನ ತೋಳು ಜಿಗುಟಿದಳು. ನಮ್ಮ ಮನೆಯ ಒಲೆಬೂದಿ ಯಾರ ಕಾಲೂ ಬೀಳದ ಕಡೆಗೇ ಹೋಗಬೇಕು. ತುಳಿದವರಿಗೆ ಕೇಡು ಅಂಟುತ್ತದೆ ಎಂದು ನಮ್ಮ ಕಿರ್ಗಿಜ್ ಜನರೆಲ್ಲರಂತೆ ಅವಳೂ ನಂಬಿದ್ದಳು.

ಆ ವಾರ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯಿತು. ಅಂಥ ಚಳಿಯಲ್ಲಿ ಉಪ್ಪು ಮಂಜಿನ ಮೇಲೆ ಸುಮ್ಮನೆ ಕೂತಿರುತ್ತದೆ, ಕರಗಿಸುವುದಿಲ್ಲ. ಚೀಲ ಹೊತ್ತ ಅವ್ವ ಕಚೇರಿಯ ಮೂರನೇ ಮೆಟ್ಟಿಲಲ್ಲಿ ಜಾರಿದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಅವಳನ್ನು ತಂದು ಮಲಗಿಸಿದ ಮರುದಿನ ಶೇರ್ಮಾತ್ ಮನೆಗೆ ಬಂದ. ನಾವು ಕೊಟ್ಟ ಚಹಾ ಕುಡಿದು ಕಾಗದ ತೆಗೆದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ನನಗೆ ಓದಲು ಬರುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಉಪ್ಪು ಸುರಿದು ಚಪ್ಪಡಿ ಕೆಡಿಸಿದವಳು ತಾನೇ ಎಂದು ಅವ್ವನ ಹೆಸರಿನಲ್ಲಿ ಬರೆದಿತ್ತು.

"ರುಜು ಹಾಕ್ಬೇಡವ್ವಾ," ಅಂದೆ.

"ನಿನ್ ಪೊರ್ಕೆ ಕೆಲ್ಸ ಮಗಳಿಗೆ ಕೊಡ್ತೀನಿ ಕಣಮ್ಮ. ಬ್ಯಾಡ್ವಾ?"

ಅವ್ವ ರುಜು ಹಾಕಿದಳು. ಉಪ್ಪಿಗೆ ಸೀಳಿದ ಬೆರಳಿನಿಂದ ಹೆಸರಿನ ಪಕ್ಕ ರಕ್ತ ಅಂಟಿತು.

"ಥೂ, ಗಲೀಜು," ಅಂದವನೇ ಕಾಗದವನ್ನು ಗಾಳಿಗೆ ಬೀಸಿ ಒಣಗಿಸಿಕೊಂಡು ಹೋದ.

ದೊಡ್ಡವರು ಬರುವ ದಿನ ಬೆಳಿಗ್ಗೆ ನಾನು ಒಲೆಯ ಬೂದಿಯನ್ನೆಲ್ಲ ಬಕೆಟ್ಟಿಗೆ ತುಂಬಿದೆ. ಅವ್ವ ನೋಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ಕೆಂಡ ಇದ್ರೆ ಆರ್ಸ್ಕೊಂಡೋಗು."

ಗೇಟಿನಿಂದ ಮೆಟ್ಟಿಲವರೆಗೆ ಬೂದಿ ಚೆಲ್ಲಿದೆ. ಕಾರುಗಳು ಬಂದವು. ಇಳಿದವರು ತಮ್ಮ ಬೂಟು ನೋಡಿಕೊಂಡು ಅಲ್ಲೇ ನಿಂತರು.

"ಗುಡ್ಸೇ ಲೌಡಿ!" ಶೇರ್ಮಾತ್ ಓಡಿಬಂದ. "ಇವತ್ತೇ ನಿನ್ ಪೊರ್ಕೆ ಹೋಯ್ತು ಅನ್ಕೋ!"

ನಾನು ಗುಡಿಸಲಿಲ್ಲ.

ಪಿಂಚಣಿಗೆಂದು ಕಚೇರಿಗೆ ಬಂದ ಮುದುಕಿಯೊಬ್ಬಳು ಕಾರುಗಳನ್ನು ಬಳಸಿಕೊಂಡು ಮುಂದೆ ಬಂದಳು. ಬೂದಿ ನೋಡಿದಳು. ಅದರ ಆಚೀಚೆ ಹೊಳೆಯುವ ಮಂಜುಗಡ್ಡೆ ನೋಡಿದಳು. ತುಟಿಯಲ್ಲೇ ಬೂದಿಯ ಕ್ಷಮೆ ಕೇಳಿ ಅದರ ಮೇಲೆ ಕಾಲಿಟ್ಟಳು. ಜಾರಲಿಲ್ಲ. ಮೆಟ್ಟಿಲವರೆಗೆ ಬಂದು ನನ್ನ ಭುಜ ಹಿಡಿದಳು.

"ಮುಂದಕ್ಕೂ ಹಾಕು ಮಗ."

ಬಕೆಟ್ಟಿನ ತಳ ಕಾಣುತ್ತಿತ್ತು. ಮೆಟ್ಟಿಲು ಇನ್ನೂ ನಾಲ್ಕಿದ್ದವು. ನಾನು ಉಗುರಿನಿಂದ ಕೆರೆದು ಕೆರೆದು ಅವಳ ಕಾಲ ಮುಂದೆ ಹಾಕತೊಡಗಿದೆ.