ಹನ್ನೆರಡು ಮಾಸ್ಕು

"ಮೆಲ್ಲಗೆ ಕಟ್ಕೊಳ್ರಮ್ಮಾ, ದಾರ ಕಿತ್ತು ಬಂದ್ರೆ ಸಾಹುಕಾರ್ರು ನನ್ನ ಚರ್ಮ ಸುಲೀತಾರೆ," ಎನ್ನುತ್ತಾ ಮೇಸ್ತ್ರಿ ಹನ್ನೆರಡನೆಯ ಮಾಸ್ಕನ್ನು ಅತ್ತೆಯ ಕೈಗಿಟ್ಟ. ಸೊಸೆಯನ್ನೂ ಕೆಲಸಕ್ಕೆ ಸೇರಿಸಿದ ದಿನದಿಂದ ಶೆಡ್ಡಿನವರಿಗೆಲ್ಲ ಅವಳು ಅತ್ತೆಯೇ.

ಮಾಸ್ಕುಗಳು ವರ್ಷವಿಡೀ ಆಫೀಸಿನ ಬೀರುವಿನಲ್ಲಿರುತ್ತಿದ್ದವು. ತಪಾಸಣೆಯ ಸಾಹೇಬರು ಬರುವ ದಿನ ಮಾತ್ರ ಹೊರಗೆ. ಅವತ್ತು ಕಾವಲಿಗಳ ಕೆಳಗೆ ಬೆಂಕಿಯಿಲ್ಲ. ಉಳಿದ ದಿನ ಹಳೇ ಕಂಪ್ಯೂಟರಿನ ಹಸಿರು ಹಲಗೆಗಳನ್ನು ಕಾದ ಕಾವಲಿಯ ಮೇಲಿಟ್ಟು, ಬೆಸುಗೆಯ ಸೀಸ ಕರಗಿದೊಡನೆ ಇಕ್ಕಳದಲ್ಲಿ ಚಿಪ್ಪು ಕೀಳುವ ಹೆಂಗಸರು, ಅವತ್ತು ಕೀಬೋರ್ಡಿನ ಗುಂಡಿ ಬಿಡಿಸುತ್ತಾ ಬೀಗರ ಮನೆಗೆ ಬಂದವರ ಹಾಗೆ ನಾಜೂಕಾಗಿ ಕೂರಬೇಕು. ಸಂಜೆ ಮಾಸ್ಕು ಮತ್ತೆ ಕವರಿಗೆ. ಮೂರು ವರ್ಷದಿಂದ ಅವೇ ಹನ್ನೆರಡು, ಇನ್ನೂ ಬೆಳ್ಳಗೆ. ಬೆಳ್ಳಗಿರದೆ ಇನ್ನೇನು!

"ನಮ್ಮ ಹುಡುಗೀಗೆ?" ಅತ್ತೆ ಕೇಳಿದಳು.

"ಅವಳು ಕಣ್ಣಿಗೆ ಬೀಳಬಾರ್ದು. ಬಸುರಿಯರು ಇಲ್ಲಿ ಕೆಲಸ ಮಾಡೋ ಹಾಗಿಲ್ಲ ಅಂತ ರೂಲ್ಸಿದೆ. ಆಗ್ಲೇ ಉಗ್ರಾಣದಲ್ಲಿ ಕೂರಿಸಿದ್ದೀನಿ."

ಉಗ್ರಾಣವೆಂದರೆ ಆಸಿಡ್ ಕೋಣೆ. ಚಿನ್ನ ಬಿಡಿಸಲು ಹಲಗೆಗಳನ್ನು ನೆನೆಹಾಕಿದ ಡ್ರಮ್ಮುಗಳು, ಒಂದು ಕಿಟಕಿಯೂ ಇಲ್ಲ. ಬಾಗಿಲಿಗೆ ಬೀಗ, ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ.

"ನಿನ್ನ ಮನೆ ಹಾಳಾಗ! ಅಲ್ಲಿ ಗಂಡಸರೇ ಗಳಿಗೆ ಹೊತ್ತು ನಿಲ್ಲಲ್ಲ!"

"ಅರ್ಧ ಗಂಟೆ ಅಷ್ಟೇ. ಬಾಯಿ ಮುಚ್ಕೊಂಡಿರಿ, ಕಾರು ಬಂತು."

ಅತ್ತೆಗೆ ಮೈಯೆಲ್ಲ ಉರಿಯಿತು. ಹೆಚ್ಚಿನ ಉರಿ ತನ್ನ ಮೇಲೇ. "ಬಿಸಿಲಿಲ್ಲ, ಭಾರ ಹೊರೋದಿಲ್ಲ, ಕೂತು ಮಾಡೋ ಕೆಲಸ ಕಣೇ," ಎಂದು ಪುಸಲಾಯಿಸಿ ಆ ಹುಡುಗಿಯನ್ನು ಕರೆತಂದವಳು ತಾನೇ ಅಲ್ಲವೆ? ಈಗ ಅವಳಿಗೆ ಐದು ತಿಂಗಳು.

ಸಾಹೇಬರು ಬಂದರು, ಟೀ ಕುಡಿದರು. ಸುತ್ತ ಒಮ್ಮೆ ಕಣ್ಣಾಡಿಸಿ, "ಪರವಾಗಿಲ್ಲ, ಗಾಳಿ ಚೆನ್ನಾಗಿದೆ," ಎಂದು ಬರೆದುಕೊಂಡರು. ಉಗ್ರಾಣದಿಂದ ಕೆಮ್ಮು ಕೇಳಿಸಿತು. ಮೇಸ್ತ್ರಿ ತಾನೂ ಜೋರಾಗಿ ಕೆಮ್ಮಿದ. ಆಮೇಲೆ ಬಾಗಿಲು ದಬದಬ ಬಡಿದ ಸದ್ದು.

"ಹೆಗ್ಗಣ ಸಾರ್. ಈ ಗಾತ್ರ ಇದಾವೆ."

ಸಾಹೇಬರು ಬಾಗಿಲನ್ನು ನೋಡಿದರು. ನೋಡಿ, ಪುಟ ತಿರುವಿದರು.

"ಅತ್ತೇ..." ಎಂದಿತು ಹೆಗ್ಗಣ.

ಅತ್ತೆ ಎದ್ದಳು. ಗ್ಯಾಸು ತಿರುವಿ ಕಡ್ಡಿ ಗೀರಿದಳು. ಒಂದು ಮಂಕರಿ ಹಲಗೆಗಳನ್ನು ತಂದು ಕಾವಲಿಯ ಮೇಲೆ ಸುರಿದಳು. ಚಟಚಟ ಸದ್ದಾಗಿ ಕಪ್ಪು ಹೊಗೆ ಎದ್ದಿತು. ದಿನವೂ ಏಳುವ ಹೊಗೆಯೇ ಅದು, ಸಾಹೇಬರಿಗೆ ಮಾತ್ರ ಹೊಸದು.

"ಏಯ್, ಹುಚ್ಚು ಹಿಡೀತಾ? ಆರಿಸು!" ಮೇಸ್ತ್ರಿ ಓಡಿಬಂದ.

ಅವಳು ಇಕ್ಕಳ ಎತ್ತಿ ಹಿಡಿದಳು. "ಬೀಗ ತೆಗಿ. ತೆಗೆಯೋವರೆಗೂ ಆರಿಸಲ್ಲ. ಏನ್ ಸಾರ್, ಗಾಳಿ ಸಾಕಾ? ಇನ್ನೂ ನಾಕು ಹಾಕ್ಲಾ?"

ಸಾಹೇಬರ ಕಣ್ಣು ಮೂಗು ಒಟ್ಟಿಗೆ ಸುರಿಯತೊಡಗಿದವು. "ಮಾಸ್ಕ್! ನನಗೊಂದು ಮಾಸ್ಕ್ ಕೊಡ್ರೀ!"

ಮೇಸ್ತ್ರಿ ಹೆಂಗಸರ ಕಡೆ ತಿರುಗಿದ. ಹನ್ನೆರಡು ಜನರಲ್ಲಿ ಒಬ್ಬಳೂ ದಾರಕ್ಕೆ ಕೈ ಹಾಕಲಿಲ್ಲ. ಅವನು ಬೈದುಕೊಂಡು ಬೀಗ ತೆಗೆದ.

ಸೊಸೆ ಗೋಡೆ ಹಿಡಿದು ಹೊರಗೆ ಬಂದಳು. ತುಟಿ ಬಿಳಿಚಿತ್ತು. ಒಂದು ಕೈ ಬಾಯಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಅತ್ತೆ ಬೆಂಕಿ ಆರಿಸಿ, ತನ್ನ ಮಾಸ್ಕು ಬಿಚ್ಚಿ ಅವಳಿಗೆ ಕಟ್ಟಿದಳು.

ಸಾಹೇಬರು ನಲ್ಲಿಯ ಬಳಿ ಮುಖ ತೊಳೆದುಕೊಂಡು, "ಇವರಿಬ್ಬರನ್ನೂ ಈಗಲೇ ಆಚೆ ಹಾಕಿ," ಎಂದರು. ಬರೆದುಕೊಂಡದ್ದನ್ನು ಮಾತ್ರ ಹೊಡೆದುಹಾಕಲಿಲ್ಲ.

ಗೇಟಿನ ಹತ್ತಿರ ಮೇಸ್ತ್ರಿ ಅಡ್ಡ ನಿಂತ. "ಮಾಸ್ಕ್ ಕೊಟ್ಟು ಹೋಗು."

"ಬಾ, ನೀನೇ ಬಿಚ್ಕೋ ಬಾ. ನಿನ್ನ ಗಂಡಸ್ತನ ನೋಡೇಬಿಡ್ತೀನಿ," ಎಂದಳು ಅತ್ತೆ. ಇಕ್ಕಳ ಇನ್ನೂ ಅವಳ ಕೈಯಲ್ಲೇ ಇತ್ತು. ಅವನು ದಾರಿ ಬಿಟ್ಟ.

ಸಂಜೆ ಅವನು ಉಳಿದ ಹೆಂಗಸರನ್ನು ನಲ್ಲಿಯ ಬಳಿ ಕೂರಿಸಿ ಮಾಸ್ಕು ತೊಳೆಸಿದ. ಸೋಪು ಹಚ್ಚಿ, ಬ್ರಷ್ಷು ಹಾಕಿ ತಿಕ್ಕಿಸಿದ. ತಂತಿಯ ಮೇಲೆ ಹನ್ನೊಂದು ಮಾಸ್ಕು ಸಾಲಾಗಿ ನೀರು ತೊಟ್ಟಿಕ್ಕಿಸುತ್ತಿದ್ದವು. ಒಂದೂ ಬೆಳ್ಳಗಾಗಿರಲಿಲ್ಲ.