‘ಬರ್ರಿ’ ಅಂದ ಸಲೀಂ

“ಬರ್ರಿ. ಏನಾಗೈತ್ರಿ ಗಾಡಿಗೆ?” ಅಂದ ಮೆಕ್ಯಾನಿಕ್ ಸಲೀಂ.

ತನ್ನ ಗೂಡ್ಸ್ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ ಹುಲುಗೇಶ ಬೆಚ್ಚಿದ. ಕೂಡ್ಲಿಗಿಯ ಒಂದೇ ಓಣಿಯಲ್ಲಿ ಗೋಲಿ ಆಡಿ, ಒಂದೇ ಮೇಷ್ಟ್ರ ಬೆತ್ತದ ರುಚಿ ಕಂಡ ಗೆಳೆಯ ಇವನು. ‘ಲೇ’ ಇಲ್ಲದೆ ಹುಲುಗೇಶನ ಜೊತೆ ಮಾತು ಶುರು ಮಾಡಿದವನೇ ಅಲ್ಲ. ಹುಲುಗೇಶನ ಮದುವೆಯ ಹಂದರದಲ್ಲಿ, ಬೀಗರ ಎದುರಿಗೇ, “ಲೇ ಹುಲ್ಯಾ, ಬಾಸಿಂಗ ಸೊಟ್ಟ ಆಗೈತಿ!” ಅಂತ ಕೂಗಿ ಎಲ್ಲರನ್ನೂ ನಗಿಸಿದ್ದ. ಸಲೀಂನ ‘ರಿ’ ಏನಿದ್ದರೂ ಗಿರಾಕಿಗಳಿಗೆ, ಪೊಲೀಸರಿಗೆ.

ಎಲ್ಲಕ್ಕೂ ಕಾರಣ ನಿನ್ನೆಯ ಒಂದು ಮಾತು. ಬಸ್ ನಿಲ್ದಾಣದ ಹತ್ತಿರ ಬ್ಯಾನರ್ ಕಟ್ಟುವ ವಿಷಯಕ್ಕೆ ಹುಡುಗರು ಎರಡು ಗುಂಪಾಗಿ ತಳ್ಳಾಡುತ್ತಿದ್ದರು. ಇಬ್ಬರೂ ಬಿಡಿಸಲು ಹೋಗಿದ್ದರು. ಆ ಗದ್ದಲದಲ್ಲಿ ಹುಲುಗೇಶ ಸಲೀಂನ ಕಡೆ ತಿರುಗಿ, “ನಿಮ್ಮೋರಿಗೆ ಹೇಳು ಮೊದ್ಲು!” ಅಂದುಬಿಟ್ಟ. ಇಷ್ಟು ವರ್ಷ ಇಬ್ಬರಿಗೂ ‘ನಮ್ಮೋರು’ ಅಂದರೆ ಓಣಿಯವರೆಲ್ಲ. ಈಗ ಮೊಬೈಲಿನಲ್ಲಿ, ಚಾದಂಗಡಿಯಲ್ಲಿ ದಿನಾ ಕೇಳಿ ಕೇಳಿ ನಾಲಿಗೆಗೆ ಅಂಟಿದ್ದ ಮಾತು, ಹಾಳಾದ್ದು, ಜಾರಿತು. ಆಡಿದವನಿಗೆ ಆಗ ಗೊತ್ತೇ ಆಗಲಿಲ್ಲ; ಈಗ ಈ ‘ರಿ’ ಕೇಳಿದ ಮೇಲೆ ಹೊಳೆಯಿತು. ಕೇಳಿದವನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಕ್ಕಿಲ್ಲ.

“ಬ್ರೇಕ್ ಹಿಡೀವಲ್ದಲೇ,” ಅಂದ ಹುಲುಗೇಶ, ‘ಲೇ’ಯನ್ನು ಒತ್ತಿ.

“ನೋಡೂಣ್ರಿ. ಗಾಡಿ ಒಳಗ ಕುಂದರ್ರಿ.”

ಶೆಡ್ಡಿನ ಮುಂದೆ ಇಳಿಜಾರು. ಗಾಲಿ ಸಡಿಲ ಇರಲೆಂದು ಹ್ಯಾಂಡ್ ಬ್ರೇಕ್ ಇಳಿಸಿ, ಗೂಡ್ಸ್ ಗಾಡಿಯ ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಸಲೀಂ ಅಡಿಗೆ ತೂರಿದ. ಬ್ರೇಕ್ ಪೈಪಿನ ಗಾಳಿ ತೆಗೆಯಲು ಒಬ್ಬ ಕೆಳಗೆ ಬೇಕು, ಒಬ್ಬ ಪೆಡಲ್ ತುಳಿಯಬೇಕು.

“ತುಳೀರಿ... ಬಿಡ್ರಿ... ತುಳೀರಿ.”

ಒಂದೊಂದು ‘ರಿ’ಯೂ ಚುಚ್ಚುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಡುವವನ ಜೊತೆ ಏನಂತ ಜಗಳ ತೆಗೆಯುವುದು? ‘ತಪ್ಪಾತಲೇ’ ಅನ್ನಬೇಕೆನ್ನಿಸಿತು. ಪೆಡಲ್ ಮಾತ್ರ ತುಳಿದ.

ಅಷ್ಟರಲ್ಲಿ ಕಲ್ಲು ಜಾರಿತು. ಗಾಡಿ ಹಿಂದಕ್ಕೆ ಸರಿಯತೊಡಗಿತು. ಪೆಡಲ್ ತುಳಿದರೆ ಸುಮ್ಮನೆ ತಳ ಮುಟ್ಟಿತು.

“ಲೇ ಹುಲ್ಯಾ! ಹ್ಯಾಂಡ್ ಬ್ರೇಕ್ ಎಳೀಲೇ! ಎಳೀಲೇ!”

ಎರಡೂ ಕೈಯಿಂದ ಎಳೆದ. ಗಾಡಿ ಗಕ್ಕನೆ ನಿಂತಿತು. ಇಳಿದು ಓಡಿ ನೋಡಿದರೆ ಸಲೀಂನ ಅಂಗಿಯ ತೋಳು ಗಾಲಿಯಡಿ ಸಿಕ್ಕಿತ್ತು. ಪುಣ್ಯಕ್ಕೆ ಕೈ ಉಳಿದಿತ್ತು. ಅವನನ್ನು ಈಚೆಗೆ ಎಳೆದು ಕೂರಿಸಿ, ಹುಲುಗೇಶ ನಕ್ಕ. ಗೆಳೆಯ ಸಾಯುವುದರಲ್ಲಿದ್ದ, ಇವನಿಗೆ ಆ ಕೂಗಿನದೇ ಖುಷಿ. ಎಂಥ ಹುಚ್ಚ!

“‘ಲೇ’ ಅಂದ್ಯಲ್ಲಲೇ ಸಲೀಂ!”

ಸಲೀಂ ಅಂಗಿಯ ಹರಿದ ತೋಳನ್ನು ಮೇಲಕ್ಕೆ ಮಡಚಿಕೊಂಡ. ಮುಖ ನೋಡಲಿಲ್ಲ.

“ಅಂಜಿಕಿಗೆ ಬಾಯಿಗೆ ಬಂತ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

ಇನ್ನೊಂದು ದೊಡ್ಡ ಕಲ್ಲು ಹುಡುಕಿ ತಂದು ಗಾಲಿಗೆ ಕೊಟ್ಟ. ಮತ್ತೆ ಅಡಿಗೆ ತೂರಿದ. ಹುಲುಗೇಶ ಗಾಡಿ ಹತ್ತಿ ಪೆಡಲ್ ಮೇಲೆ ಕಾಲಿಟ್ಟು ಕೂತ.

“ತುಳೀರಿ,” ಅಂತು ಕೆಳಗಿನ ದನಿ.

‘ಲೇ’ ಬರಲಿ ಅಂತ ಹುಲುಗೇಶ ಕಾಲು ಒತ್ತದೆ ಕಾದ.