ಆಮೆನ್ ಆದ ಮೇಲೆ

"ಜಗ್ಗಬ್ಯಾಡ ರಕ್ಷಿತಾ, ಅದು ಅಷ್ಟ ಬರೋದು" ಎಂದಳು ಸುವಾರ್ತಾಬಾಯಿ.

ತೀರಿಕೊಂಡ ಕಾಕುವಿನ ಎಡಗೈಯನ್ನು ಎದೆಯ ಮೇಲೆ ತರಲು ರಕ್ಷಿತ ಹೆಣಗುತ್ತಿದ್ದಳು. ಎಂದೋ ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಎಷ್ಟು ತಿರುಗಿಸಿದರೂ ಅಂಗೈ ಮೇಲಕ್ಕೇ ನೋಡುತ್ತಿತ್ತು. ಮೇ ತಿಂಗಳ ಸೆಕೆಯಲ್ಲೂ ಉದ್ದ ತೋಳಿನ ಕುಪ್ಪಸವನ್ನೇ ತೊಡುತ್ತಿದ್ದ ಕೃಪಾಬಾಯಿ ಕಾಕುವಿನ ಬರಿಗೈಯನ್ನು ಅವಳು ಕಂಡದ್ದು ಇವತ್ತೇ.

"ಏನಾಗಿತ್ತು ಇದಕ್ಕ?"

ಚರ್ಚಿನ ಸಭೆಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೈತೊಳೆದು ಸೀರೆ ಉಡಿಸುವವಳು ಸುವಾರ್ತಾಬಾಯಿ. ಅವಳು ಕಾಕುವಿನ ಸೆರಗು ಸರಿಪಡಿಸಿದಳು. "ಬಚ್ಚಲದಾಗ ಜಾರಿದ್ಳಂತ. ಲಗ್ನಾದ ವರ್ಷ. ಆ ಹೂವು ಕೊಡು ಇಲ್ಲಿ."

ಸೇವಂತಿಗೆಯನ್ನು ಮಣಿಕಟ್ಟಿನ ಮೇಲೆ ಒತ್ತೊತ್ತಾಗಿ ಇಟ್ಟಳು. ಕೈ ಮುಚ್ಚಿಹೋಯಿತು.

ಹೊರಕೋಣೆಯಲ್ಲಿ ಕಾಕುವಿನ ಗಂಡ, ರಕ್ಷಿತಳ ಚಿಕ್ಕಪ್ಪ ಅಪ್ಪಾಸಾಹೇಬ ಪ್ರಾರ್ಥಿಸುತ್ತಿದ್ದ. ಅವನು ಸಭೆಯ ಹಿರಿಯ. ದನಿ ಏರಿತು, ನಡುಗಿತು, ಮೆಲ್ಲಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆಂಡ್ತಿ ಹೋದ ದಿವ್ಸಾನೂ ಎಂಥಾ ಪ್ರಾರ್ಥನಾ ನೋಡ್ರಿ! ಈ ದನಿ ಕೇಳೇ ಅಲ್ಲೇನ್ರಿ ಆಗ ಕೃಪಾಬಾಯೀನ ಕೊಟ್ಟಿದ್ದು." ಆಮೇಲೆ ರಕ್ಷಿತಳ ಗಲ್ಲ ಹಿಡಿದಳು. "ದೇವ್ರು ನಿನಗೂ ಅಂಥಾವನ್ನ ಕೊಟ್ಟಾನ."

ರಕ್ಷಿತ ಹೂವು ಮುಚ್ಚಿದ ಕೈಯತ್ತ ನೋಡಿದಳು.

*

ಮರಾಠಿ ಸೀಮೆಯ ಖಡಕಿಯ ಆ ಚಿಕ್ಕ ಕನ್ನಡ ಸಭೆಯಲ್ಲಿ ವರನನ್ನು ನೋಡುವ ರೀತಿ ಒಂದೇ. ಶುಕ್ರವಾರದ ಮನೆಕೂಟಕ್ಕೆ ಹುಡುಗನನ್ನು ಕರೆದು ಪ್ರಾರ್ಥನೆ ಮಾಡಿಸುತ್ತಾರೆ. ಹಿರಿಯರು ಕಣ್ಣುಮುಚ್ಚಿ ಕೇಳುತ್ತಾರೆ. ರಕ್ಷಿತಳಿಗೆ ವರನಾಗಿ ಬಂದ ಅಭಿಲಾಷ ಪ್ರಾರ್ಥಿಸಿದ ದಿನ ಅವಳ ಅಪ್ಪ ಬಿಕ್ಕಿ ಬಿಕ್ಕಿ ಅತ್ತಿದ್ದ.

ಆರಾಧನೆಯಲ್ಲಿ ಮೂರು ಭಾನುವಾರ ಓದಬೇಕಾದ ಅವರಿಬ್ಬರ ಮದುವೆಯ ಪ್ರಕಟಣೆಯನ್ನು ಮೊದಲ ಸಲ ಓದಿದ್ದು ಎರಡು ವಾರದ ಹಿಂದೆ. ಆ ದಿನ, ಎಂದಿನಂತೆ ಎಲ್ಲರಿಗೂ ಚಹ ಕೊಟ್ಟ ಕೃಪಾಬಾಯಿ ನಲ್ಲಿಯ ಕೆಳಗೆ ಕಪ್ಪು ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಆಮೆನ್ ಅಂದ ಮ್ಯಾಲ ಅವ ಹೆಂಗ ಮಾತಾಡ್ತಾನ?"

"ಯಾರು, ಅಭಿಲಾಷ? ಇದೆಂಥಾ ಪ್ರಶ್ನಾ ಕಾಕು!" ರಕ್ಷಿತ ನಕ್ಕಿದ್ದಳು. "ಹಸಿವಿ ಆಗೇದ ಅಂತಾನ, ಮತ್ತೇನ?"

ಕೃಪಾಬಾಯಿ ನಗಲಿಲ್ಲ. "ನಾನೂ ಪ್ರಾರ್ಥನಾ ಅಷ್ಟ ಕೇಳಿದ್ದೆ" ಎಂದಳು. ಅಷ್ಟರಲ್ಲಿ ಅಪ್ಪಾಸಾಹೇಬ ಅಂಗಳದಿಂದ ಕೆಮ್ಮಿದ. ಕಪ್ಪೊಂದು ಅವಳ ಕೈಜಾರಿ ಒಡೆಯಿತು. ಚೂರುಗಳನ್ನು ಸೆರಗಿನಲ್ಲಿ ಬಾಚಿಕೊಂಡು ಅವಳು ಓಡುತ್ತಲೇ ಹೋದಳು.

*

ಇವತ್ತಿನ ಭಾನುವಾರದ ಆರಾಧನೆ ಮುಗಿದ ಕೂಡಲೇ ಸಮಾಧಿಗೆ ಹೊರಡಬೇಕಿದ್ದರಿಂದ ಕಾಕುವಿನ ಶವಪೆಟ್ಟಿಗೆಯನ್ನು ಪೀಠದ ಮುಂದೆಯೇ ಇಟ್ಟಿದ್ದರು. ಮನೆಯವರೆಲ್ಲ ಅದರ ಸುತ್ತ ನಿಂತರು. ಪ್ರಾರ್ಥಿಸಲು ಅಪ್ಪಾಸಾಹೇಬ ಅಭಿಲಾಷನಿಗೆ ಸನ್ನೆ ಮಾಡಿದ.

ಅಭಿಲಾಷ ರಕ್ಷಿತಳ ಪಕ್ಕಕ್ಕೆ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ತಂಪಾದ, ತುಂಬಿದ ದನಿ. ಹೆಂಗಸರ ಬೆಂಚುಗಳಲ್ಲಿ ಅಳು ಎದ್ದಿತು. ಅವನ ಹಿಡಿತ ಬಿಗಿಯುತ್ತ ಬಂತು. ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡಳು. ಉಗುರು ಇಳಿದಾಗಲೂ ಹಾಗೇ ಅಂದುಕೊಳ್ಳಲು ನೋಡಿದಳು.

"ಆಮೆನ್" ಎಂದ ಅಭಿಲಾಷ. ತುಟಿಯಲ್ಲಿ ಅದೇ ಮಂದಹಾಸ. ದನಿ ಮಾತ್ರ ಬೇರೆ, ಅವಳಿಗಷ್ಟೇ ಕೇಳುವಷ್ಟು.

"ಹೊರಗ ಆ ಸ್ವಪ್ನಿಲ್ ಕೂಡ ಏನ್ ಮಾತಾಡಕತ್ತಿದ್ದಿ?"

"ಆಫೀಸಿನವ... ಕಾಕು ಸುದ್ದಿ ಕೇಳಿ ಬಂದಾನ."

"ಲಗ್ನಾಗಲಿ. ಬುದ್ಧಿ ಕಲಿಸ್ತೀನಿ ನಿನಗ."

ಕೈಬಿಟ್ಟು, ಅವಳ ತಾಯಿಗೆ ನಮಸ್ಕರಿಸಿ, ಗಂಡಸರ ಕಡೆ ಹೋಗಿ ಕುಳಿತ.

ರಕ್ಷಿತ ತಾಯಿಯ ಪಕ್ಕ ಹೋಗಿ ಕುಳಿತಳು. ಬಾಗಿಲ ಹತ್ತಿರದ ಬೆಂಚಿನ ತುದಿ ಖಾಲಿ ಇತ್ತು. ಯಾರಿಗೂ ಅಡ್ಡವಾಗದಂತೆ ಕಾಕು ಕೂರುತ್ತಿದ್ದ ಜಾಗ ಅದು.

"ದುಃಖದ ದಿನವಾದರೂ ಲಗ್ನದ ಪ್ರಕಟಣಾ ನಿಲ್ಲಿಸೋದು ಬ್ಯಾಡ ಅಂತ ಅಪ್ಪಾಸಾಹೇಬರು ಹೇಳ್ಯಾರ" ಎಂದು ಪಾಸ್ಟರ್ ಕನ್ನಡಕ ಏರಿಸಿದರು. ಮೂರನೆಯ ಪ್ರಕಟಣೆ. ಅವಳ ಹೆಸರು, ಅವನ ಹೆಸರು. "ಈ ವಿವಾಹಕ್ಕೆ ಅಡ್ಡಿಯೇನಾದರೂ ಯಾರಿಗಾದರೂ ತಿಳಿದಿದ್ದಲ್ಲಿ, ಎದ್ದು ಹೇಳತಕ್ಕದ್ದು."

ಫ್ಯಾನು ಕಟಕಟ ಅನ್ನುತ್ತಿತ್ತು. ಈ ಸಭೆಯಲ್ಲಿ ಇದಕ್ಕೆ ಯಾರೂ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಪಾಸ್ಟರ್ ಆಗಲೇ ಹಾಳೆ ಮಡಚುತ್ತಿದ್ದರು. ರಕ್ಷಿತ ಎದುರಿನ ಬೆಂಚಿನ ಬೆನ್ನು ಹಿಡಿದು ಎದ್ದು ನಿಂತಳು.

"ಏನವ್ವಾ? ನೀರು ಬೇಕಾ?" ಎಂದರು ಪಾಸ್ಟರ್.

"ಸಂಕಟ ಆಗೇದ ಹುಡುಗಿಗೆ. ಕೂಡಸ್ರಿ" ಎಂದ ಅಪ್ಪಾಸಾಹೇಬ.

ತಾಯಿ ಸೆರಗು ಜಗ್ಗಿದಳು. ಅಭಿಲಾಷ ಅವಳನ್ನೇ ನೋಡುತ್ತ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ. ರಕ್ಷಿತ ಕುಪ್ಪಸದ ತೋಳನ್ನು ಮೇಲಕ್ಕೆಳೆದು ಕೈ ಮುಂದೆ ಚಾಚಿದಳು. ಮಣಿಕಟ್ಟಿನ ಸುತ್ತ ಕೆಂಪಗೆ ಬೆರಳುಗಳು ಮೂಡಿದ್ದವು.

ಪೆಟ್ಟಿಗೆಯ ಪಕ್ಕದಲ್ಲಿ ಸುವಾರ್ತಾಬಾಯಿ ಉಳಿದ ಸೇವಂತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆ ಕೈಯನ್ನು ನೋಡಿದಳು. ಪೆಟ್ಟಿಗೆಯಲ್ಲಿ ತಾನೇ ಹೂವಿಟ್ಟು ಮುಚ್ಚಿದ್ದ ಕೈಯ ಕಡೆ ನೋಡಿದಳು. ಮಡಿಲಿನ ಹೂವನ್ನೆಲ್ಲ ಬೊಗಸೆಯಲ್ಲಿ ಎತ್ತಿ ಬೆಂಚಿನ ಮೇಲಿಟ್ಟು, ಮೊಣಕಾಲಿಗೆ ಕೈಕೊಟ್ಟು, ಮೆಲ್ಲಗೆ ಏಳತೊಡಗಿದಳು.